ಮಿಡ್‌ವೇ ಹಡಗು ನೋಡಲು ಹೋಗುತ್ತಿದ್ದೇನೆ, ಸಿಮ್ ಹಾರಿಸುವವರು ಏನು ನೋಡಬೇಕು?

ಹುಕ್‌ಡೌನ್:
ಮುಂದಿನ ತಿಂಗಳು ಅಮೆರಿಕದ ಸ್ಯಾನ್ ಡಿಯಾಗೋ ಪ್ರವಾಸ ಇದೆ. ಈಗ ಮ್ಯೂಸಿಯಂ ಆಗಿರುವ ಹಳೇ ವಿಮಾನವಾಹಕ ಹಡಗು ಯುಎಸ್‌ಎಸ್ ಮಿಡ್‌ವೇ ನೋಡಲು ಅರ್ಧ ದಿನ ಸಿಗುತ್ತದೆ, ಅಷ್ಟೇ. ಜೊತೆಗೆ ಬರುವವರಿಗೆ ವಿಮಾನ ಅಂದರೆ ಕಿಟಕಿ ಸೀಟು. ನಾನು ಡಿಸಿಎಸ್ ಅನ್ನುವ ಕಂಪ್ಯೂಟರ್ ಫ್ಲೈಟ್ ಸಿಮ್‌ನಲ್ಲಿ ಹಾರ್ನೆಟ್ ಯುದ್ಧವಿಮಾನ ಹಾರಿಸುತ್ತೇನೆ, ವಿಮಾನವಾಹಕ ಹಡಗಿನ ಸೂಪರ್‌ಕ್ಯಾರಿಯರ್ ಮಾಡ್ಯೂಲ್ ಇದೆ. ಇಳಿಯುವಾಗ ವಿಮಾನದ ಹುಕ್ಕನ್ನು ಹಿಡಿದು ನಿಲ್ಲಿಸಲು ಡೆಕ್ಕಿಗೆ ಅಡ್ಡ ಕಟ್ಟಿದ ವೈರ್‌ಗಳಿರುತ್ತವಲ್ಲ, ಹಗಲು ಹೊತ್ತು ಅದರಲ್ಲಿ ಮೂರನೇ ವೈರ್ ಸಿಗುತ್ತದೆ, ರಾತ್ರಿ ದೇವರೇ ಗತಿ. ಕಾಕ್‌ಪಿಟ್‌ನಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವ ಆಸೆ ಇಲ್ಲ. ಸ್ಕ್ರೀನ್ ಮೇಲೆ ಗೊತ್ತಾಗದ್ದು, ಅಲ್ಲೇ ಹೋಗಿ ನೋಡಬೇಕಾದ್ದು ಏನಿದೆ? ಅಲ್ಲಿರುವ ಸಿಮ್ಯುಲೇಟರ್‌ಗೆ ಸಾಲು ನಿಲ್ಲಬೇಕಾ?

ಹಳೇ ಜಾಯ್‌ಸ್ಟಿಕ್:
ಸಿಮ್ಯುಲೇಟರ್ ಬಿಡಿ ಸರ್, ಅದು ಮನೆಯಲ್ಲೇ ಇದೆಯಲ್ಲ.

ನೀವು ಹಾರಿಸುವುದು ನಿಮಿಟ್ಜ್ ಮಾದರಿಯ ಹಡಗಿನಿಂದ. ಮಿಡ್‌ವೇ ಬೇರೆ ಕಾಲದ್ದು. 1945ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಬಂದಾಗ ನೇರ ಡೆಕ್ ಇತ್ತು. ಓರೆ ಡೆಕ್, ಅಂದರೆ ಎಡಕ್ಕೆ ಓರೆಯಾದ ಇಳಿಯುವ ಪಟ್ಟಿ, ಕೂಡಿಸಿದ್ದು 1950ರ ದಶಕದಲ್ಲಿ. ವಿಮಾನವನ್ನು ಚಿಮ್ಮಿಸಿ ಹಾರಿಸುವ ಕ್ಯಾಟಪಲ್ಟ್ ನಿಮಗೆ ನಾಲ್ಕು ಅಭ್ಯಾಸ, ಇಲ್ಲಿ ಕೊನೆಗೆ ಉಳಿದದ್ದು ಎರಡೇ, ಎರಡೂ ಮುಂಭಾಗದಲ್ಲಿ. 1992ರವರೆಗೆ ಹೀಗೇ ದುಡಿಯಿತು.

ಡೆಕ್ ಹತ್ತಿದ ತಕ್ಷಣ ಎಲ್ಲರೂ ವಿಮಾನಗಳ ಕಡೆ ಓಡುತ್ತಾರೆ. ನೀವು ಸೀದಾ ಹಿಂಭಾಗಕ್ಕೆ ಹೋಗಿ. ಇಳಿಯುವ ಪಟ್ಟಿಯ ನಡುಗೆರೆ ಹಿಡಿದು ಮುಂದೆ ನೋಡಿ. ಹಡಗಿನ ಮೂತಿ ನಿಮ್ಮ ಬಲಕ್ಕೆ ಇರುತ್ತದೆ. ಅಂದರೆ ಹಡಗು ಓಡುವ ದಿಕ್ಕು ಬೇರೆ, ನಾವು ಇಳಿಯುವ ದಿಕ್ಕು ಬೇರೆ. ಲೈನಪ್ ಸರಿಯಾಯ್ತು, ನಡುಗೆರೆಗೆ ನೇರ ಬಂದೆವು ಅಂದುಕೊಂಡ ಮರುಕ್ಷಣ ಎಡಕ್ಕೆ ಬಿದ್ದಿರುತ್ತೇವಲ್ಲ, ಅದಕ್ಕೆ ಇದೇ ಕಾರಣ. ಪಟ್ಟಿಯೇ ಬಲಕ್ಕೆ ಜಾರುತ್ತಾ ಹೋಗುತ್ತಿರುತ್ತದೆ. ಓದಿ ತಿಳಿದದ್ದು ಬೇರೆ, ಅಲ್ಲಿ ನಿಂತಾಗ ಕುತ್ತಿಗೆಗೇ ಗೊತ್ತಾಗುವುದು ಬೇರೆ.

ಆದರೆ ನನ್ನನ್ನು ಕೇಳಿದರೆ ಇಡೀ ಹಡಗಿನಲ್ಲಿ ನೋಡಲೇಬೇಕಾದ್ದು ಒಂದು ಮೇಜು. ಡೆಕ್ ಮೇಲಿನ ಗೋಪುರ, ಅಂದರೆ ಐಲ್ಯಾಂಡ್ ಒಳಗೆ ಫ್ಲೈಟ್ ಡೆಕ್ ಕಂಟ್ರೋಲ್ ಅಂತ ಒಂದು ಇಕ್ಕಟ್ಟಾದ ಕೋಣೆ ಇದೆ. ಮೇಜಿನ ಮೇಲೆ ಡೆಕ್ಕಿನ ನಕ್ಷೆ. ಅದರ ಮೇಲೆ ವಿಮಾನದ ಆಕಾರಕ್ಕೆ ಕತ್ತರಿಸಿದ ಅಂಗೈಗಿಂತ ಚಿಕ್ಕ ತುಂಡುಗಳು. ಡೆಕ್ ಮೇಲೆ ವಿಮಾನ ಒಂದು ಅಡಿ ಸರಿದರೂ ಇಲ್ಲಿ ತುಂಡನ್ನು ಸರಿಸಬೇಕು. ಇಂಧನ ಬೇಕಾ, ರಿಪೇರಿ ಇದೆಯಾ ಅನ್ನುವುದಕ್ಕೆಲ್ಲ ಅದರ ಮೇಲೆ ನಟ್ಟು, ಪಿನ್ನು ಇಡುತ್ತಿದ್ದರು. ಜೆಟ್ ವಿಮಾನಗಳ ಹಡಗು ನಡೆದದ್ದು ನಟ್ಟು ಬೋಲ್ಟಿನ ಲೆಕ್ಕದಲ್ಲಿ!

ಸಿಮ್ ನಮಗೆ ಕಲಿಸದೇ ಬಿಟ್ಟದ್ದು ಇದನ್ನೇ. ನಾವು ವೈರ್ ಹಿಡಿದೆವು, ಇಳಿದದ್ದಕ್ಕೆ ಬಂದ ಗ್ರೇಡ್ ನೋಡಿದೆವು, ರೀಸ್ಟಾರ್ಟ್ ಒತ್ತಿದೆವು. ಅಲ್ಲಿ ವೈರ್ ಹಿಡಿದಾದ ಮೇಲೆ ಶುರು ತಲೆನೋವು. ನಮ್ಮ ಹಿಂದೆ ಇಳಿಯುವ ವಿಮಾನ ಒಂದು ನಿಮಿಷದೊಳಗೆ ಬಂದುಬಿಡುತ್ತದೆ. ಹುಕ್ ಎತ್ತಿ, ರೆಕ್ಕೆ ಮಡಚಿ, ಇಳಿಯುವ ಪಟ್ಟಿಯ ಗೆರೆ ದಾಟಿ ಆಚೆ ಹೋಗಬೇಕು. ಹೋಗಲು ಜಾಗ ಎಲ್ಲಿದೆ ಅನ್ನುವುದು ಆ ಮೇಜಿನ ಮುಂದಿರುವವರಿಗೆ ಗೊತ್ತಿರಬೇಕು. ನನ್ನ ಮಟ್ಟಿಗೆ ವಿಮಾನವಾಹಕ ಅಂದರೆ ಮುಕ್ಕಾಲು ಪಾಲು ಪಾರ್ಕಿಂಗ್ ಸಮಸ್ಯೆ.

ಬೋಲ್ಟರ್ ರಾಜ:
ಜಾಗದ ಮಾತು ಬಂತಲ್ಲ, ಇದೇ ಡೆಕ್ಕಿನ ಕಥೆ ಒಂದಿದೆ. 1975ರ ಏಪ್ರಿಲ್ ಕೊನೆ, ಸೈಗಾನ್ ಬೀಳುತ್ತಿದ್ದ ಹೊತ್ತು. ದಕ್ಷಿಣ ವಿಯೆಟ್ನಾಂ ವಾಯುಪಡೆಯ ಮೇಜರ್ ಬುವಾಂಗ್ ಲೀ, ಬರ್ಡ್ ಡಾಗ್ ಅನ್ನುವ ಪುಟ್ಟ ವಿಮಾನದಲ್ಲಿ ಹೆಂಡತಿ ಮತ್ತು ಐದು ಮಕ್ಕಳನ್ನು ತುಂಬಿಕೊಂಡು ಮಿಡ್‌ವೇ ಮೇಲೆ ಸುತ್ತತೊಡಗಿದರು. ಹೆಲಿಕಾಪ್ಟರ್ ಸರಿಸಿ, ಇಳಿಯುತ್ತೇನೆ ಅಂತ ಚೀಟಿ ಬರೆದು ಡೆಕ್ ಮೇಲೆ ಎಸೆದರು. ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ಹೆಲಿಕಾಪ್ಟರ್‌ಗಳನ್ನು ಸಮುದ್ರಕ್ಕೇ ತಳ್ಳಿಸಿ ಜಾಗ ಮಾಡಿಕೊಟ್ಟರು. ಹುಕ್ ಇಲ್ಲ, ವೈರ್ ಇಲ್ಲ, ಸಲೀಸಾಗಿ ಇಳಿದರು. ಆ ವಿಮಾನ ಈಗ ಪೆನ್ಸಕೋಲಾದ ಮ್ಯೂಸಿಯಂನಲ್ಲಿದೆ.

ಮನೆಯಲ್ಲಿ ಹಗುರ ವಿಮಾನ ತೆಗೆದುಕೊಂಡು ನೋಡಿ. ಎದುರು ಗಾಳಿ ಜೋರಾಗಿದ್ದರೆ ಇಳಿಯುವುದು ಅಂದುಕೊಂಡಷ್ಟು ಕಷ್ಟ ಅಲ್ಲ. ಹಿಂದೆ ಐದು ಮಕ್ಕಳು ಕೂತಿಲ್ಲದಿದ್ದರೆ.

ಕಪ್ಪು ಹೆಲ್ಮೆಟ್:
ಡೆಕ್ ಮೇಲೆ ಟಾಮ್‌ಕ್ಯಾಟ್ ಯುದ್ಧವಿಮಾನ ನಿಲ್ಲಿಸಿದ್ದಾರೆ, ಚೆನ್ನಾಗಿದೆ. ಆದರೆ ಮಿಡ್‌ವೇಯಲ್ಲಿ ಟಾಮ್‌ಕ್ಯಾಟ್ ಸ್ಕ್ವಾಡ್ರನ್ ಯಾವತ್ತೂ ಇರಲಿಲ್ಲ. 1986ರವರೆಗೆ ಫ್ಯಾಂಟಮ್ ಯುದ್ಧವಿಮಾನ, ಆಮೇಲೆ ನಿಮ್ಮ ಹಾರ್ನೆಟ್. ಸುಮ್ನೆ ಹೇಳಿದೆ, ಫೋಟೋ ಹಾಕಿ ಏನೇನೋ ಬರೆದುಬಿಟ್ಟೀರಿ.

ಹುಕ್‌ಡೌನ್:
ಎಲ್ಲರಿಗೂ ಥ್ಯಾಂಕ್ಸ್. ಆ ಮೇಜಿನ ಕೋಣೆಗೆ ಸುಮ್ನೆ ನುಗ್ಗಬಹುದಾ?

ಹಳೇ ಜಾಯ್‌ಸ್ಟಿಕ್:
ಇಲ್ಲ, ಐಲ್ಯಾಂಡ್‌ಗೆ ಗೈಡ್ ಜೊತೆಗೇ ಹೋಗಬೇಕು. ಹೊತ್ತು ಏರಿದ ಹಾಗೆ ಸಾಲು ಜಾಸ್ತಿ ಆಗುತ್ತದೆ, ಅದಕ್ಕೇ ಬೆಳಗ್ಗೆ ಮೊದಲು ಅದನ್ನು ಮುಗಿಸಿಕೊಳ್ಳಿ. ಗೈಡ್‌ಗಳಲ್ಲಿ ನೌಕಾಪಡೆಯಲ್ಲಿ ಇದ್ದವರು ತುಂಬಾ ಜನ. ಸಿಮ್ ಹಾರಿಸುತ್ತೇನೆ ಅಂತ ಹೇಳಲು ನಾಚಿಕೆ ಬೇಡ, ಹೇಳಿದರೆ ಇನ್ನೂ ಖುಷಿಯಿಂದ ಮಾತಾಡುತ್ತಾರೆ. ಏಣಿ ಮೆಟ್ಟಿಲು ಕಡಿದು, ಬಾಗಿಲ ಹೊಸ್ತಿಲು ಮೊಣಕಾಲಿಗೆ ಬಡಿಯುತ್ತದೆ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.