ಮುಖದ ನರದ ನೋವು: ಆಪರೇಷನ್ ಮಾಡಿಸಿಕೊಳ್ಳಲೋ, ಮಾತ್ರೆಯಲ್ಲೇ ದಿನ ದೂಡಲೋ?

ಕೇಳಿದವರು:
ಮೂರು ವರ್ಷದಿಂದ ಬಲಗೆನ್ನೆಯಲ್ಲಿ ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲುಜ್ಜಿದರೆ, ಗಾಳಿ ಸೋಕಿದರೆ, ಕೆಲವು ಸಲ ಬರೀ ಮಾತಾಡಿದರೂ ಕರೆಂಟ್ ಹೊಡೆದ ಹಾಗೆ ಚಳುಕು. ಮೊದಲು ಹಲ್ಲಿನ ನೋವೇ ಇರಬೇಕು ಅಂದುಕೊಂಡು ಎರಡು ದವಡೆ ಹಲ್ಲು ಕೀಳಿಸಿದ್ದೂ ಆಯಿತು. ಈಗ ಕಾರ್ಬಮಜೆಪಿನ್, ದಿನಕ್ಕೆ 800 ಮಿಲಿಗ್ರಾಂ. ನೋವು ಅರ್ಧಕ್ಕೆ ಇಳಿದಿದೆ, ಆದರೆ ತಲೆ ಮಂಕು, ನಡೆಯುವಾಗ ತೂರಾಟ, ಗೊತ್ತಿರುವವರ ಹೆಸರೇ ಬಾಯಿಗೆ ಬರುವುದಿಲ್ಲ. ನರಕ್ಕೆ ರಕ್ತನಾಳ ಒತ್ತುತ್ತಿದೆ ಎಂದು ಎಂಆರ್‌ಐಯಲ್ಲಿ ಬಂದಿದೆ. ಆಪರೇಷನ್ ಮಾಡಬಹುದು ಅಂತಾರೆ ನ್ಯೂರೋಸರ್ಜನ್. ತಲೆಬುರುಡೆ ತೆರೆಯುತ್ತಾರೆ ಅಂದರೆ ಎದೆ ಝಲ್ಲೆನ್ನುತ್ತದೆ. ಮಾಡಿಸಿಕೊಂಡವರೂ ಬೇಡ ಅಂದವರೂ ದಯವಿಟ್ಟು ಹೇಳಿ.

ಆಪರೇಷನ್ ಆದವರೊಬ್ಬರು:
ಆರು ವರ್ಷದ ಹಿಂದೆ ಮಾಡಿಸಿಕೊಂಡೆ, ತಂಗೀ. ಮೈಕ್ರೋವ್ಯಾಸ್ಕುಲರ್ ಡಿಕಂಪ್ರೆಷನ್ ಅಂತ. ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ಕಿಂಡಿ ಮಾಡಿ, ನರಕ್ಕೆ ತಾಗುತ್ತಿರುವ ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ಚೂರು ಇಡುತ್ತಾರೆ. ನರವನ್ನು ಕತ್ತರಿಸುವುದಿಲ್ಲ. ಇಷ್ಟು ತಿಳಿದ ಮೇಲೇ ನನ್ನ ಅರ್ಧ ಭಯ ಇಳಿದದ್ದು. ಎಚ್ಚರವಾದ ಕೂಡಲೇ ನಾಲಿಗೆಯನ್ನು ಕೆನ್ನೆಯ ಒಳಗಡೆ ಒತ್ತಿ ನೋಡಿದೆ. ಚಳುಕು ಬರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಹಾಗಂತ ಸುಲಭವಾಗಿತ್ತು ಅನ್ನಲಾರೆ. ಮೊದಲ ವಾರ ತಲೆನೋವು, ವಾಕರಿಕೆ, ಕುತ್ತಿಗೆ ತಿರುಗಿಸಲಾಗದ ಬಿಗಿತ. ಕೆಲಸಕ್ಕೆ ಮರಳಲು ಎರಡು ತಿಂಗಳು ಬೇಕಾಯಿತು. ಆ ಕಡೆಯ ಕಿವಿ ಇವತ್ತಿಗೂ ಸ್ವಲ್ಪ ಮಂದ, ಫೋನನ್ನು ಎಡಗಿವಿಗೇ ಹಿಡಿಯುತ್ತೇನೆ. ಸರ್ಜನ್ ಇದನ್ನು ಮೊದಲೇ ಹೇಳಿದ್ದರು. 1996ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವನ್ನೂ ತೋರಿಸಿದ್ದರು. ಸುಮಾರು 1200 ಜನರಲ್ಲಿ 16 ಮಂದಿಗೆ ಆ ಬದಿಯ ಕಿವಿ ಹೋಗಿತ್ತು, ಇಬ್ಬರು ತೀರಿಕೊಂಡಿದ್ದರು. ಹತ್ತು ವರ್ಷದ ನಂತರವೂ ನೂರಕ್ಕೆ 70 ಜನ ಮಾತ್ರೆಯಿಲ್ಲದೆ, ನೋವಿಲ್ಲದೆ ಇದ್ದರು. ಉಳಿದ ಮೂವತ್ತರಲ್ಲಿ ನಾನಿದ್ದರೆ? ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಕೊನೆಗೆ ನನಗೆ ದಾರಿ ತೋರಿಸಿದ್ದು ಒಂದು ನೋಟ್‌ಬುಕ್. ಎಷ್ಟು ಸಲ ಹೊಡೆಯಿತು ಅಂತಲ್ಲ, ನೋವಿನ ಅಥವಾ ಮಾತ್ರೆಯ ದೆಸೆಯಿಂದ ಆ ದಿನ ಏನನ್ನು ಕೈಬಿಟ್ಟೆ ಅಂತ ಒಂದು ತಿಂಗಳು ಬರೆದೆ. ಮುಖ ತೊಳೆಯಲಿಲ್ಲ. ಮಗಳು ಕೇಳಿದ ಕಥೆ ಹೇಳಲಿಲ್ಲ. ಊಟ ಅರ್ಧಕ್ಕೆ ಬಿಟ್ಟೆ. ಪುಟಗಟ್ಟಲೆ ಆಯಿತು. ಕಿವಿ ಮಂದವಾದರೂ ಸರಿ, ಇದು ಬೇಡ ಅನ್ನಿಸಿತು. ನೋವು ಸುಮ್ಮನಿದ್ದ ಒಂದು ಬೆಳಿಗ್ಗೆ ಈ ತೀರ್ಮಾನಕ್ಕೆ ಬಂದೆ. ಹೊಡೆಯುವ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಒಪ್ಪಿಬಿಡುತ್ತೇವೆ, ಆಗ ಸಹಿ ಹಾಕಬೇಡಿ.

ಬೇಡ ಅಂದವರೊಬ್ಬರು:
ನನ್ನ ಎಂಆರ್‌ಐಯಲ್ಲಿ ಒತ್ತಡ ಸ್ಪಷ್ಟವಾಗಿ ಕಾಣಲಿಲ್ಲ, ಅಕ್ಕಾ. ಅಂಥವರಿಗೆ ಈ ಆಪರೇಷನ್ನಿನಿಂದ ಗುಣವಾಗುವ ಭರವಸೆ ಕಡಿಮೆ ಅಂದರು, ಬಿಟ್ಟೆ. ಕಾರ್ಬಮಜೆಪಿನ್ ಬದಲು ಆಕ್ಸ್‌ಕಾರ್ಬಜೆಪಿನ್ ಕೊಟ್ಟ ಮೇಲೆ ಮಂಕು ಎಷ್ಟೋ ತಿಳಿಯಾಯಿತು. ಆದರೆ ಅದು ರಕ್ತದಲ್ಲಿ ಸೋಡಿಯಂ ಇಳಿಸುತ್ತದೆ, ಆಗಾಗ ಪರೀಕ್ಷೆ ಮಾಡಿಸಲೇಬೇಕು. ಈ ನೋವು ತಾನಾಗಿ ತಿಂಗಳುಗಟ್ಟಲೆ ಅಡಗಿರುವುದೂ ಉಂಟು, ನನಗೆ ಒಮ್ಮೆ ಎಂಟು ತಿಂಗಳು ಬರಲೇ ಇಲ್ಲ. ನೀವು ಬೇರೆ ಮಾತ್ರೆ ಯಾವುದನ್ನೂ ನೋಡಿಲ್ಲ ಅನ್ನಿಸುತ್ತದೆ. ಬ್ಯಾಕ್ಲೋಫೆನ್ ಅಥವಾ ಲ್ಯಾಮೋಟ್ರಿಜಿನ್ ಜೊತೆಗೆ ಸೇರಿಸಬಹುದೇ ಅಂತ ಡಾಕ್ಟರನ್ನು ಕೇಳಿ ನೋಡಿ.

ತಂದೆಗೆ ಮಾಡಿಸಿದವರು:
ಅಪ್ಪನಿಗೆ 78, ಜೊತೆಗೆ ಹೃದಯದ ತೊಂದರೆ. ಬುರುಡೆ ತೆರೆಯುವ ಮಾತೇ ಇರಲಿಲ್ಲ. ಕೆನ್ನೆಯ ಮೂಲಕ ಸೂಜಿ ತೂರಿಸಿ ನರದ ಎಳೆಗಳನ್ನು ಶಾಖದಿಂದ ಸುಡುವ ರೇಡಿಯೋಫ್ರೀಕ್ವೆನ್ಸಿ ಮಾಡಿಸಿದೆವು. ಮರುದಿನವೇ ಮನೆಗೆ ಬಂದೆವು. ನೋವು ಹೋಯಿತು, ಆದರೆ ಕೆನ್ನೆ ಜೋಮು ಹಿಡಿದಂತಾಯಿತು. ತುಟಿ ಕಚ್ಚಿಕೊಂಡರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ನೋವು ತಿರುಗಿ ಬಂತು, ಇನ್ನೊಮ್ಮೆ ಮಾಡಿಸಿದೆವು. ಕಣ್ಣಿನ ಕಡೆಯ ಕವಲಿಗೆ ಮಾಡುವುದಾದರೆ ಕಣ್ಣಿನ ಮೇಲ್ಪದರವೂ ಮರಗಟ್ಟಬಹುದು, ಧೂಳು ಬಿದ್ದರೂ ಅರಿವಾಗದು. ಅಪರೂಪಕ್ಕೆ ಜೋಮಾದ ಜಾಗವೇ ಸದಾ ಉರಿಯತೊಡಗುತ್ತದಂತೆ, ಅದಕ್ಕೆ ಮದ್ದು ಹುಡುಕುವುದು ಬಹಳ ಕಷ್ಟ. ಗಾಮಾ ನೈಫ್ ವಿಕಿರಣವೂ ಇದೆ, ಕೊಯ್ಯುವುದಿಲ್ಲ, ಆದರೆ ಗುಣ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಆಪರೇಷನ್ ಆದವರು, ಮತ್ತೊಮ್ಮೆ:
ಕೇಳುವುದು ಮರೆತಿದ್ದೆ ತಂಗೀ. ನಿಮ್ಮದು ಹೊಡೆದು ಬಿಡುವ ಚಳುಕೋ, ಸದಾ ಇರುವ ಉರಿಯೋ? ಸದಾ ಉರಿಯುವ ನೋವಿಗೆ ಈ ಆಪರೇಷನ್ ಅಷ್ಟಾಗಿ ಫಲ ಕೊಡುವುದಿಲ್ಲ. ಮತ್ತೆ, ಮಂಕು ತಡೆಯಲಾಗದು ಅಂತ ಕಾರ್ಬಮಜೆಪಿನ್ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.

ಕೇಳಿದವರು:
ಹೊಡೆದು ಬಿಡುವ ಚಳುಕೇ, ನಡುನಡುವೆ ಏನೂ ಇರುವುದಿಲ್ಲ. ಎಲ್ಲರಿಗೂ ಕೈಮುಗಿಯುತ್ತೇನೆ. ಮುಂದಿನ ವಾರ ನ್ಯೂರಾಲಜಿಸ್ಟ್ ಹತ್ತಿರ ಮಾತ್ರೆ ಬದಲಿಸುವ ಮಾತಾಡುತ್ತೇನೆ. ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ, ಅವರಲ್ಲಿ ಎಷ್ಟು ಜನರ ಕಿವಿಗೆ ತೊಂದರೆಯಾಯಿತು ಅಂತ ಸರ್ಜನ್ನರನ್ನೂ ನೇರವಾಗಿ ಕೇಳುತ್ತೇನೆ. ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಬರೆದಾಯಿತು: ಇವತ್ತು ಬಲಗಡೆ ಹಲ್ಲುಜ್ಜಲಿಲ್ಲ.