ಔಟ್‌ಲುಕ್‌ನಿಂದ ಥಂಡರ್‌ಬರ್ಡ್‌ಗೆ ಮೇಲ್ ಸಾಗಿಸಿದವರು ಇದ್ದರೆ ಹೇಳಿ

ಕುಮಟಾದಿಂದ ಕೇಳಿದ್ದು:
ನಮ್ಮದು ಸಣ್ಣ ಲೆಕ್ಕಪತ್ರದ ಆಫೀಸು. ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ 7, ಔಟ್‌ಲುಕ್ 2010, ಇನ್ನೂ ತೆರೆಯುತ್ತದೆ. ಮೇಲ್ ಎಲ್ಲ ಪಿಎಸ್‌ಟಿ ಫೈಲಿನಲ್ಲಿದೆ (ಔಟ್‌ಲುಕ್ ಮೇಲ್ ಕೂಡಿಡುವ ಫೈಲು). ಹೊಸ ಲ್ಯಾಪ್‌ಟಾಪಿಗೆ ಥಂಡರ್‌ಬರ್ಡ್ ಎಂಬ ಪುಕ್ಕಟೆ ಮೇಲ್ ಪ್ರೋಗ್ರಾಂ ಹಾಕಿದ್ದೇವೆ. ಪಿಎಸ್‌ಟಿ ಫೈಲನ್ನು ತಂದು ಕೊಟ್ಟರೆ ಅದು ಮೂಸಿಯೂ ನೋಡುತ್ತಿಲ್ಲ. ಪಾರ್ಟಿಗಳ ವಿಳಾಸವೂ ಬರಬೇಕು. ದುಡ್ಡು ಕೊಟ್ಟು ಕನ್ವರ್ಟರ್ ಕೊಳ್ಳಬೇಕಾ?

ಕಾರವಾರದಿಂದ:
ಕೊಳ್ಳಬೇಡಿ ಮಾರಾಯ್ರೆ. ಹಳೇ ಔಟ್‌ಲುಕ್ ಇನ್ನೂ ತೆರೆಯುತ್ತದೆ ಅಂದ ಮೇಲೆ ಕನ್ವರ್ಟರ್ ಯಾಕೆ? ಜಿಮೇಲನ್ನೇ ಸೇತುವೆ ಮಾಡಿಕೊಳ್ಳಿ. ಹಳೇ ಔಟ್‌ಲುಕ್‌ಗೆ ಒಂದು ಜಿಮೇಲ್ ಖಾತೆಯನ್ನು ಐಮ್ಯಾಪ್‌ನಲ್ಲಿ ಸೇರಿಸಿ. ಪಾಪ್ ಅಲ್ಲ, ಐಮ್ಯಾಪ್. ಪಾಪ್ ಮೇಲನ್ನು ಕೆಳಗಿಳಿಸುತ್ತದೆ ಅಷ್ಟೇ, ಐಮ್ಯಾಪ್‌ನಲ್ಲಿ ನಾವು ಫೋಲ್ಡರಿಗೆ ಹಾಕಿದ್ದು ಜಿಮೇಲಿಗೂ ಏರುತ್ತದೆ. ಇಷ್ಟು ಹಳೇ ಔಟ್‌ಲುಕ್‌ಗೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ (ಇಂಥ ಪ್ರೋಗ್ರಾಂಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್) ತೆಗೆದುಕೊಳ್ಳಬೇಕು. ಆಮೇಲೆ ಪಿಎಸ್‌ಟಿಯ ಫೋಲ್ಡರುಗಳನ್ನು ಅದರೊಳಗೆ ಕಾಪಿ ಮಾಡಿ. ಮೂವ್ ಮಾಡಬೇಡಿ, ಕಾಪಿ. ಅದೇ ಖಾತೆಯನ್ನು ಥಂಡರ್‌ಬರ್ಡ್‌ಗೆ ಸೇರಿಸಿದರೆ ಎಲ್ಲ ಅಲ್ಲಿ ಕಾಣುತ್ತದೆ, ಬೇಕಾದ್ದನ್ನು 'ಲೋಕಲ್ ಫೋಲ್ಡರ್ಸ್'ಗೆ ಎಳೆದುಕೊಳ್ಳಿ.

ಒಂದೇ ಸಲ ಎಲ್ಲ ತುಂಬಲು ಹೋಗಬೇಡಿ. ಐಮ್ಯಾಪ್‌ನಲ್ಲಿ ದಿನಕ್ಕೆ 500 ಎಂಬಿ ಮೇಲೆ ಕಳಿಸಲು ಗೂಗಲ್ ಬಿಡುವುದಿಲ್ಲ. ಪುಕ್ಕಟೆ ಜಾಗ 15 ಜಿಬಿ, ಅದರಲ್ಲಿ ಫೋಟೋ, ಡ್ರೈವ್ ಎಲ್ಲ ಸೇರಿತು. ವರ್ಷವಾರು ಫೋಲ್ಡರ್ ಮಾಡಿಕೊಂಡು ಸಂಜೆ ಮನೆಗೆ ಹೋಗುವಾಗ ಒಂದೊಂದನ್ನೇ ಬಿಡಿ.

ಹೊನ್ನಾವರದಿಂದ:
ಸೇತುವೆ ಸರಿ, ಆದರೆ ಲೆಕ್ಕಪತ್ರದ ಆಫೀಸಿಗೆ ನಾನು ಹೇಳುವುದಿಲ್ಲ. ಪಾರ್ಟಿಗಳ ಪ್ಯಾನ್, ಬ್ಯಾಂಕ್ ಕಾಗದ ಎಲ್ಲ ಇನ್ನೊಂದು ಖಾತೆಗೆ ಯಾಕೆ ಏರಿಸುವುದು, ಅಲ್ವಾ? ಹಳೇ ಕಂಪ್ಯೂಟರಿಗೇ ಥಂಡರ್‌ಬರ್ಡ್ ಹಾಕಿ. ಅದು ಔಟ್‌ಲುಕ್‌ನ ಮೇಲ್ ಎಳೆದುಕೊಳ್ಳುತ್ತದೆ, ಆದರೆ ಅದೇ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇರಲೇಬೇಕು. ಬರೀ ಪಿಎಸ್‌ಟಿ ತಂದಾಗ ನಿಮಗೆ ಆಗದಿದ್ದುದು ಅದಕ್ಕೇ. ವಿಂಡೋಸ್ 7ರಲ್ಲಿ ಥಂಡರ್‌ಬರ್ಡ್ 115ರವರೆಗಿನದು ಮಾತ್ರ ಕೂರುತ್ತದೆ. ಪರವಾಗಿಲ್ಲ, ಹಳೇ ಪ್ರೊಫೈಲನ್ನು (ಥಂಡರ್‌ಬರ್ಡ್‌ನ ಮೇಲ್, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರು) ಹೊಸ ಆವೃತ್ತಿ ತೆರೆಯುತ್ತದೆ. ಹೊಸದನ್ನು ಹಳೇದು ತೆರೆಯಲು ಒಪ್ಪುವುದಿಲ್ಲ, ಅಷ್ಟೇ. ಆಮೇಲೆ ಎರಡೂ ಕಡೆ ಪ್ರೋಗ್ರಾಂ ಮುಚ್ಚಿ, ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ. ಮಳೆಗಾಲದಲ್ಲಿ ಮಾಡುವುದಾದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ, ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ!

ಶಿರಸಿಯಿಂದ:
ಮೇಲ್ ಹೇಗೂ ಬರುತ್ತದೆ. ಕಾಡಿಸುವುದು ಕಾಂಟ್ಯಾಕ್ಟು. ಔಟ್‌ಲುಕ್‌ನಿಂದ ಅದರ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ತೆಗೆಯುವುದು ಸುಲಭ. ಆದರೆ ಹೆಚ್ಚಿನವರು ಮಾಡುವುದೇನು, ಸುಮ್ನೆ ಒಮ್ಮೆ ನೋಡೋಣ ಎಂದು ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಏನೋ ಒಂದು ತಿದ್ದಿ, ಸೇವ್ ಒತ್ತುತ್ತಾರೆ. ಎಸ್‌ಟಿಡಿ ಕೋಡ್ 08384 ಇದ್ದದ್ದು ಮುಂದಿನ ಸೊನ್ನೆ ಕಳೆದುಕೊಂಡು 8384 ಆಗುತ್ತದೆ. 91 ಸೇರಿಸಿ ಬರೆದ ಮೊಬೈಲ್ ನಂಬರು 9.19ಇ+11 ಅಂತ ಕೂತಿರುತ್ತದೆ. ಸೇವ್ ಆದ ಮೇಲೆ ಕೊನೆಯ ಅಂಕಿಗಳು ಹೋದವು ಅಂತಲೇ ಲೆಕ್ಕ. ನೋಡಲೇಬೇಕಾದರೆ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ, ಫೋನಿನ ಕಾಲಮ್ಮಿಗೆ 'ಟೆಕ್ಸ್ಟ್' ಎಂದು ಕೊಡಿ.

ಕನ್ನಡದಲ್ಲಿ ಬರೆದ ಹೆಸರು ಸಿಎಸ್‌ವಿಯಲ್ಲಿ ಬರೀ ಪ್ರಶ್ನೆ ಚಿಹ್ನೆಯಾಗಿದ್ದರೆ ಆ ಫೈಲಿನಿಂದ ಮತ್ತೆ ತೆಗೆಯಲು ಬರುವುದಿಲ್ಲ. ಹಳೇ ಪರದೆ ನೋಡಿಕೊಂಡು ಕೈಯಿಂದಲೇ ಬರೆಯಿರಿ. ಗ್ರೂಪುಗಳೂ ಸಿಎಸ್‌ವಿಯಲ್ಲಿ ಬರುವುದಿಲ್ಲ, ಹೊಸದಾಗಿ ಕಟ್ಟಬೇಕು. ಥಂಡರ್‌ಬರ್ಡ್ ಇಂಪೋರ್ಟಿನಲ್ಲಿ ಯಾವ ಕಾಲಮ್ ಯಾವುದಕ್ಕೆ ಎಂದು ಕೇಳುತ್ತದೆ, ಅಲ್ಲಿ ಗಡಿಬಿಡಿ ಬೇಡ. ಹೆಸರಿನ ಜಾಗದಲ್ಲಿ ಊರು ಕೂತುಬಿಟ್ಟರೆ ಎಲ್ಲರೂ 'ಶಿರಸಿ'ಯೇ.

ಅಂಕೋಲಾದಿಂದ:
ಹಳೇ ಮೇಲ್‌ಗಳಲ್ಲಿ ಕನ್ನಡ ಇದ್ದರೆ ಇದನ್ನೂ ಗಮನಿಸಿ. ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಸಂಕೇತ) ಬರುವ ಮೊದಲಿನ ನುಡಿ, ಬರಹ ಫಾಂಟಿನಲ್ಲಿ ಬರೆದದ್ದು ಹೊಸ ಲ್ಯಾಪ್‌ಟಾಪಿನಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಾಳಾಗಿದೆ ಎಂದು ಮತ್ತೆ ಸಾಗಿಸಲು ಕೂರಬೇಡಿ. ಆ ಫಾಂಟ್ ಹಾಕಿದರೆ ಓದಲು ಬರುತ್ತದೆ.

ಕುಮಟಾದಿಂದ:
ಹೊನ್ನಾವರದವರ ದಾರಿಯೇ ಹಿಡಿಯುತ್ತೇನೆ. ಒಂದು ಅನುಮಾನ. ಹಳೇದರಲ್ಲಿ ಎರಡಕ್ಷರ ಹೊಡೆದರೆ ವಿಳಾಸ ತಾನೇ ಬರುತ್ತಿತ್ತು, ಅದೂ ಬರುತ್ತದಾ?

ಕಾರವಾರದಿಂದ:
ಅದು ಬೇರೆ ಪಟ್ಟಿ, ಕಾಂಟ್ಯಾಕ್ಟಿನ ಜೊತೆ ಬರುವುದಿಲ್ಲ. ಎಷ್ಟೋ ಪಾರ್ಟಿಗಳ ವಿಳಾಸ ಅಲ್ಲಿ ಮಾತ್ರ ಇರುತ್ತದೆ. ಥಂಡರ್‌ಬರ್ಡ್‌ನಲ್ಲಿ ಹಳೇ 'ಸೆಂಟ್' ಫೋಲ್ಡರ್ ತೆರೆದು, ವಿಳಾಸದ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ರೆಸ್ ಬುಕ್ಕಿಗೆ ಸೇರಿಸಿಕೊಳ್ಳಿ. ಕಳೆದ ಒಂದು ವರ್ಷದ್ದು ನೋಡಿದರೆ ಸಾಕು, ಅದಕ್ಕಿಂತ ಹಳಬರು ರಿಟರ್ನ್ಸ್ ಟೈಮಿಗೆ ಅವರೇ ಫೋನ್ ಮಾಡುತ್ತಾರೆ.