ಜಾಕೆಟ್ಟಿಗೆ ಕಟ್ಟಿದ್ದು ಸುಂಕವೋ, ತೆರಿಗೆಯೋ?

ಗೆಳೆಯರೆ,

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನಿಗೆ ಬೈಕಿನ ಹುಚ್ಚು. ಭುಜ, ಮೊಣಕೈ, ಬೆನ್ನಿಗೆಲ್ಲ ಪ್ಯಾಡ್ ಇರುವ ರೈಡಿಂಗ್ ಜಾಕೆಟ್ ಒಂದನ್ನು ಜರ್ಮನಿಯ ಅಂಗಡಿಯಿಂದ ತರಿಸಿದ. ಸರಕು ಐರೋಪ್ಯ ಒಕ್ಕೂಟದ ಹೊರಗೆ ಹೋಗುವುದಾದರೆ ಅಲ್ಲಿಯ ಶೇ 19ರ ಮೌಲ್ಯವರ್ಧಿತ ತೆರಿಗೆಯನ್ನು ಅಂಗಡಿಯವರು ಬಿಡಬಹುದು. ಹಾಗೆ ಬಿಟ್ಟು, ಬಿಲ್ಲಿನಲ್ಲಿ ‘ಟ್ಯಾಕ್ಸ್ ಫ್ರೀ’ ಎಂದು ಹಾಕಿದ್ದರು. ಹುಡುಗ ಅಷ್ಟನ್ನೇ ನಂಬಿ ಕೂತ. ಪೆಟ್ಟಿಗೆ ಬೆಂಗಳೂರಿಗೆ ಬಂದ ದಿನ ಕೊರಿಯರ್‌ನವರ ಮೆಸೇಜು: ಡ್ಯೂಟಿ ಕಟ್ಟಿ, ಸಾಮಾನು ತಗೊಳ್ಳಿ.

“ಮಾವ, ಟ್ಯಾಕ್ಸ್ ಇಲ್ಲ ಅಂತ ಬಿಲ್ಲಲ್ಲೇ ಇದೆಯಲ್ಲ, ಇದೇನು ಮತ್ತೆ?” ಎಂದು ಫೋನು ಮಾಡಿದ.

“ಇದು ಟ್ಯಾಕ್ಸ್ ಅಲ್ಲ ಕಣೋ, ಸುಂಕ.”

“ಎರಡೂ ಒಂದೇ ಅಲ್ವಾ?”

ಅಲ್ಲ ಎಂದೇನೋ ಅಂದೆ. ಯಾಕಲ್ಲ ಎಂದು ಬಿಡಿಸಿ ಹೇಳಲು ಹೊರಟು ತೊದಲಿದೆ. ಈಗ ಅವನು ತನ್ನ ಬೈಕ್ ಗೆಳೆಯರಿಗಾಗಿ ಈ ವಿಷಯದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು, ತಿದ್ದಿಕೊಡಿ ಎಂದು ನನಗೆ ಕಳಿಸಿದ್ದಾನೆ. ಅದರಲ್ಲಿ ಎಲ್ಲವೂ ತೆರಿಗೆ: ಆಮದು ತೆರಿಗೆ, ಕಲ್ಯಾಣ ತೆರಿಗೆ, ಜಿಎಸ್‌ಟಿ ತೆರಿಗೆ. (ಕೊನೆಯದು ‘ಗೇಟು ಬಾಗಿಲು’ ಜಾತಿಯದು, ಅದನ್ನು ಆಗಲೇ ಹೊಡೆದು ಹಾಕಿದೆ.)

ಪದ ಬೇರೆ ಮಾಡದಿದ್ದರೆ ಇಲ್ಲಿ ಲೆಕ್ಕವೇ ಅರ್ಥವಾಗುವುದಿಲ್ಲ. ಜಾಕೆಟ್ಟಿನ ಬೆಲೆ, ಸಾಗಾಟ, ವಿಮೆ ಸೇರಿ 10,000 ರೂಪಾಯಿ ಎನ್ನಿ. ದರ ಆಗಾಗ ಬದಲಾಗುತ್ತದೆ, ಲೆಕ್ಕಕ್ಕೆಂದು ಮೂಲ ಸುಂಕ ಶೇ 20, ಐಜಿಎಸ್‌ಟಿ (ಆಮದು ಸರಕಿನ ಮೇಲೆ ಬೀಳುವ ಜಿಎಸ್‌ಟಿ) ಶೇ 18 ಎಂದು ಹಿಡಿಯೋಣ. ಸುಂಕ 2,000. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣದ ಸರ್ಚಾರ್ಜು, ಅಂದರೆ 200. ಇದು 2018ರ ಬಜೆಟ್ಟಿನಲ್ಲಿ ಶಿಕ್ಷಣ ಸೆಸ್ಸಿನ ಜಾಗಕ್ಕೆ ಬಂದದ್ದು. ಈಗ ಐಜಿಎಸ್‌ಟಿ ಹಾಕುವುದು 10,000ದ ಮೇಲಲ್ಲ, 12,200ರ ಮೇಲೆ: 2,196. ಒಟ್ಟು 4,396. ನಮ್ಮ ಹುಡುಗ 20ಕ್ಕೆ 18 ಕೂಡಿಸಿ 3,800 ಎಂದು ಬರೆದುಕೊಂಡಿದ್ದ. ‘ತೆರಿಗೆಯ ಮೇಲಿನ ತೆರಿಗೆಗೂ ತೆರಿಗೆ’ ಎಂದು ಬರೆದರೆ ಓದುವವನಿಗೆ ತಲೆ ತಿರುಗುತ್ತದೆ. ‘ಸುಂಕ ಸೇರಿಸಿದ ಬೆಲೆಯ ಮೇಲೆ ತೆರಿಗೆ’ ಎಂದರೆ ಮುಗಿಯಿತು.

ನನ್ನ ಕಿವಿಗೆ ಕೇಳುವ ವ್ಯತ್ಯಾಸ ಇಷ್ಟು: ಸುಂಕಕ್ಕೊಂದು ಬಾಗಿಲು ಬೇಕು. ಸರಕು ಎಲ್ಲೋ ಒಂದು ಕಡೆ ದಾಟಬೇಕು, ಅಲ್ಲೊಬ್ಬ ಕೈಯೊಡ್ಡಿ ನಿಂತಿರಬೇಕು. ಸಂತೆ ಸುಂಕ ಎನ್ನುತ್ತೇವೆ, ಸಂತೆ ತೆರಿಗೆ ಎನ್ನುವುದಿಲ್ಲ. ಪಂಚಾಯಿತಿಯವರು ಹರಾಜು ಹಾಕುವುದೂ ಸಂತೆ ಸುಂಕವನ್ನೇ. ಮಾಗಡಿ ರಸ್ತೆಯ ಸುಂಕದಕಟ್ಟೆ ಹೆಸರಿನಲ್ಲೇ ಕಟ್ಟೆ ಇಟ್ಟುಕೊಂಡಿದೆ. ‘ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯಲ್ಲೂ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ. ತೆರಿಗೆಯವನ ಮುಂದೆ ಎಂದರೆ ಗಾದೆ ಸತ್ತೇ ಹೋಗುತ್ತದೆ. ತೆರಿಗೆ ‘ತೆರು’ವಿನಿಂದ ಬಂದದ್ದು, ದಂಡ ತೆತ್ತ, ಬೆಲೆ ತೆತ್ತ ಎನ್ನುವಾಗಿನ ತೆರು. ಅಲ್ಲಿ ಒತ್ತು ಕೊಡುವವನ ಮೇಲೆ. ಬಾಗಿಲು ಇದ್ದರೂ ಸೈ, ಇಲ್ಲದಿದ್ದರೂ ಸೈ. ಇನ್ನು ಕಂದಾಯ ಮನೆ, ಜಮೀನು ಬಿಟ್ಟು ಕದಲುವುದಿಲ್ಲ, ಪಂಚಾಂಗದ ಕಂದಾಯ ಫಲದ ಮಾತು ಬೇರೆ.

ಗಮ್ಮತ್ತಿನ ಸಂಗತಿ ಕೊರಿಯರ್ ಬಿಲ್ಲಿನ ಕೊನೆಯ ಸಾಲಿನಲ್ಲಿದೆ. ನಮ್ಮ ಪರವಾಗಿ ಕಸ್ಟಮ್ಸ್‌ನಲ್ಲಿ ದುಡ್ಡು ಮುಂಗಡ ಕಟ್ಟಿದ್ದಕ್ಕೆ ಅವರದೊಂದು ಚಾರ್ಜು, ಅದಕ್ಕೊಂದು ಜಿಎಸ್‌ಟಿ. ಆ ಚಾರ್ಜು ಸುಂಕವಲ್ಲ, ತೆರಿಗೆಯಲ್ಲ, ಮಾಡಿದ ಕೆಲಸಕ್ಕೆ ಪಡೆದ ಕೂಲಿ; ಇಂದಿನ ಕನ್ನಡದಲ್ಲಿ ಶುಲ್ಕ. ಆದರೆ ಸುಂಕ ಈ ಶುಲ್ಕದ್ದೇ ತದ್ಭವ! ಸಂಸ್ಕೃತದಲ್ಲಿ ಶುಲ್ಕವೆಂದರೆ ಸುಂಕವೇ, ಹಿಂದಿಯವರು ಕಸ್ಟಮ್ಸ್ ಡ್ಯೂಟಿಗೆ ಇಂದಿಗೂ ಸೀಮಾ ಶುಲ್ಕ ಎನ್ನುತ್ತಾರೆ. ನಮ್ಮಲ್ಲಿ ತಾಯಿ ಕಾಲೇಜಿನ ಫೀಸು ವಸೂಲಿಗೆ ಹೋದಳು, ಮಗಳು ಗಡಿ ಕಾಯುತ್ತಿದ್ದಾಳೆ. ಇಬ್ಬರೂ ಒಂದೇ ಬಿಲ್ಲಿನಲ್ಲಿ ಎದುರಾಗಿದ್ದಾರೆ. ಹಾಗಾಗಿ ‘ಸೀಮಾ ಶುಲ್ಕ’ವನ್ನು ಹಿಂದಿಯಿಂದ ಎತ್ತಿ ತಂದು ಕನ್ನಡದಲ್ಲಿ ಬಳಸುವುದು ನನಗೆ ಒಪ್ಪಿಗೆಯಿಲ್ಲ, ಆಮದು ಸುಂಕ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಉಡುಪಿನ ಕಡೆಯೂ ಒಂದು ತೊಡಕು ಇದೆ. ‘ಬೈಕ್ ಬಟ್ಟೆ’ ಎಂದು ಬರೆದಿದ್ದಾನೆ. ಬಟ್ಟೆ ಎಂದರೆ ಥಾನೂ ಹೌದು, ಹೊಲಿದದ್ದೂ ಹೌದು, ಸುಂಕದ ಪಟ್ಟಿ ಇಷ್ಟು ಉದಾರಿಯಲ್ಲ. ಅಲ್ಲಿ ಹೆಣೆದ ಉಡುಪು 61ನೇ ಅಧ್ಯಾಯ, ನೇಯ್ದ ಬಟ್ಟೆಯ ಉಡುಪು 62, ಚರ್ಮದ್ದಾದರೆ 42. ಸ್ವಂತ ಬಳಕೆಗೆ ತರಿಸಿದ್ದಕ್ಕೆ 9804 ಎಂಬ ಬೇರೆ ಶೀರ್ಷಿಕೆಯೇ ಇದೆ. ಬಟ್ಟೆ ತೆಗೆದು ಉಡುಪು ಮಾಡಿದೆ. ಹೆಲ್ಮೆಟ್ಟನ್ನು ಆ ಪುಟದಿಂದಲೇ ತೆಗೆಸಿದೆ. 2021ರ ಜೂನ್ 1ರಿಂದ ಅದಕ್ಕೆ ಐಎಸ್‌ಐ ಗುರುತು ಕಡ್ಡಾಯ, ಅದು ಸುಂಕ ಕಟ್ಟಿ ಬಗೆಹರಿಯುವ ಮಾತಲ್ಲ.

ಈಗ ನಿಮ್ಮನ್ನು ಕೇಳಬೇಕಾದ್ದು. ಆ 200 ರೂಪಾಯಿಗೆ ಏನೆನ್ನಬೇಕು? ಸರ್ಚಾರ್ಜಿಗೆ ಮೇಲ್ತೆರಿಗೆ ಎಂಬ ಮಾತು ರೂಢಿಯಲ್ಲಿದೆ. ಆದಾಯ ತೆರಿಗೆಯ ಮೇಲೆ ಹಾಕಿದಾಗ ಅದು ಸರಿ, ತೆರಿಗೆಯ ಮೇಲಿನ ತೆರಿಗೆ. ಇಲ್ಲಿ ಹಾಕಿರುವುದು ಸುಂಕದ ಮೇಲೆ. ಮೇಲ್ಸುಂಕ ಎನ್ನಬಹುದೆ? ಹಳೆಯ ಶಾಸನಗಳಲ್ಲಿ ದೊಡ್ಡ ಸುಂಕ ಪೆರ್ಜುಂಕವಾಗಿ, ಹೆಜ್ಜುಂಕವಾಗಿ ಕೂತಿದೆ, ಮುಂದಿನ ಸೆರಗು ಮುಂಜೆರಗು ಆದ ಹಾಗೆ. ಆ ದಾರಿಯಲ್ಲಿ ಮೇಲ್ಜುಂಕ ಎನ್ನಲು ನಾಲಗೆ ತುಡಿಯುತ್ತದೆ, ಬೈಕಿನವರು ನಗುತ್ತಾರೆಂದು ಸುಮ್ಮನಿದ್ದೇನೆ. ಅದೇ ಶಾಸನಗಳಲ್ಲಿ ಸಣ್ಣಪುಟ್ಟ ಸುಂಕಗಳಿಗೆ ‘ಕಿರುಕುಳ’ ಎಂಬ ಮಾತು ಬರುತ್ತದೆ. ಕೊರಿಯರ್‌ನವರ ಚಾರ್ಜಿಗೆ ಹಳೆಯ ಅರ್ಥದಲ್ಲೂ ಹೊಸ ಅರ್ಥದಲ್ಲೂ ಅದೇ ಸರಿ ಎಂದು ಹುಡುಗನ ವಾದ.

ಇನ್ನೊಂದು. ಸಾಮಾನು ಕಸ್ಟಮ್ಸ್ ದಾಟಿ ಕೈಗೆ ಬರುವುದಕ್ಕೆ ನಾನು ‘ಬಿಡಿಸಿಕೊಳ್ಳುವುದು’ ಎಂದು ಬರೆದೆ. ಅಡವಿಟ್ಟ ಒಡವೆಯ ವಾಸನೆ ಬರುತ್ತದೆಯೆ? ಧಾರವಾಡ, ಬೆಳಗಾವಿ ಕಡೆಯವರು ಜಕಾತಿ ನಾಕಾದಲ್ಲಿ, ಅಂದರೆ ಊರಿನ ಸುಂಕದ ಕಟ್ಟೆಯಲ್ಲಿ, ಗಾಡಿ ನಿಂತಾಗ ಯಾವ ಮಾತು ಬಳಸುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ತಿಳಿಸಿ. ಭಾನುವಾರದವರೆಗೆ ಪುಟಗಳನ್ನು ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.